ತಲೆ ಹಿಡಿಸುವ ಗೂಡು

ತನಗೋ ಊರಿನವರಿಗೋ ಕೋಳಿಗೂಡು ನೋಡಲು ಹೋದಾಗ ನಮ್ಮಕ್ಕ ನಂಜಮ್ಮ ಮೊದಲು ಚಪ್ಪಲಿ ಬಿಡುತ್ತಿದ್ದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಗೂಡಿನ ಬಾಗಿಲು ತೆಗೆದು ತಲೆಯನ್ನು ಒಳಗೆ ಹಾಕಿಬಿಡುತ್ತಿದ್ದಳು. ಭುಜ ಹಿಡಿಸಿದರೆ ಭುಜವನ್ನೂ ಹಾಕುತ್ತಿದ್ದಳು. ಗೊರಗುಂಟೆಪಾಳ್ಯದ ಹತ್ತಿರ, ಲಾರಿಗಳು ಹಾರನ್ ಹೊಡೆಯುತ್ತಾ ಹೋಗುವ ತುಮಕೂರು ರಸ್ತೆಯ ಬದಿಯಲ್ಲಿ, ಅರವತ್ತರ ಹತ್ತಿರದ ಹೆಂಗಸೊಬ್ಬಳು ಅರ್ಧ ಮೈ ಗೂಡಿನೊಳಗೆ, ಅರ್ಧ ಮೈ ಗೂಡು ಮಾರುವ ಅಂಗಡಿಯ ಅಂಗಳದಲ್ಲಿ. ಒಳಗಿನಿಂದ ಧ್ವನಿ ಬರುತ್ತಿತ್ತು.

"ಕಿಟ್ಟ, ಬಾಗಿಲು ಒತ್ತಿ ಇಡ್ಕೊಳೋ. ಬೆಳಕು ಎಲ್ಲೆಲ್ಲಿಂದ ಬತ್ತದೆ ನೋಡ್ಬೇಕು."

ನಾನು ಅವಳ ಸೊಂಟದವರೆಗೆ ಬಾಗಿಲು ಒತ್ತಿ ಹಿಡಿದು, ಮುಖವನ್ನು ರಸ್ತೆಯ ಕಡೆ ತಿರುಗಿಸಿ, ಈ ಹೆಂಗಸಿಗೂ ನನಗೂ ಸಂಬಂಧವಿಲ್ಲ ಎನ್ನುವ ಹಾಗೆ ನಿಲ್ಲುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಈಗ ಅದನ್ನು ಬರೆಯಲು ನಾಚಿಕೆಯಿಲ್ಲ.

ಹೊರಗೆ ಬಂದ ಮೇಲೆ ಅವಳು ಹೇಳುತ್ತಿದ್ದದ್ದು ಎರಡೇ ತೀರ್ಪು. "ಇಡಿಸ್ತದೆ" ಅಥವಾ "ಬ್ಯಾಡ". ಪರವಾಗಿಲ್ಲ, ನಡೆಯುತ್ತದೆ, ಸದ್ಯಕ್ಕೆ ಸಾಕು ಎಂಬ ಮಾತುಗಳು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಅವಳು ತಲೆಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಬೆಳಗ್ಗೆ ಹಚ್ಚಿದರೆ ಸಂಜೆಯವರೆಗೂ ನೆತ್ತಿ ಹೊಳೆಯುತ್ತಿತ್ತು. ಅವಳು ತಲೆ ಹಾಕಿ ನೋಡಿದ ಪ್ರತಿ ಗೂಡಿನ ಒಳಚಾವಣಿಯ ಮೇಲೂ ರೊಟ್ಟಿಯಗಲದ ಎಣ್ಣೆ ಕಲೆ ಉಳಿಯುತ್ತಿತ್ತು. ಗೂಡುಗಳನ್ನು ಮಾಡಿಸಿ ಮಾರುತ್ತಿದ್ದ ಇಲ್ಯಾಸ್ ಶುರುವಿನಲ್ಲಿ ಇದಕ್ಕೆ ಜಗಳ ತೆಗೆಯುತ್ತಿದ್ದರು. "ಅರೆ ಅಕ್ಕಾ, ಹೊಸಾ ಮಾಲು. ತಲೆಗೆ ಒಂದು ಬಟ್ಟೆ ಆದ್ರೂ ಕಟ್ಕೊಳ್ಳಿ."

"ನಿನ್ನ ಕೋಳಿ ಬಟ್ಟೆ ಕಟ್ಕಂಡು ಒಳಿಕ್ಕೆ ಓಯ್ತದಾ, ಇಲ್ಯಾಸು?"

ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಇಲ್ಯಾಸ್ ಗಿರಾಕಿಗಳಿಗೆ ಗೂಡಿನೊಳಗೆ ಮೊಬೈಲ್ ಟಾರ್ಚ್ ಹಾಕಿ ಕಲೆ ತೋರಿಸುತ್ತಿದ್ದರು. "ನೋಡಿ ಸಾರ್, ಅಟ್ಟೂರಿನ ನಂಜಮ್ಮಕ್ಕ ಪಾಸ್ ಮಾಡಿರೋ ಪೀಸು." ಒಂದು ಸಲ ಅವಳು "ಬ್ಯಾಡ" ಅಂದಿದ್ದ ಗೂಡಿನ ಕಲೆಯನ್ನೂ ಹಾಗೇ ತೋರಿಸಿ ಮಾರಿಬಿಟ್ಟರು. ಅದು ಗೊತ್ತಾದ ದಿನ ಅವಳು ಅಟ್ಟೂರಿನಿಂದ ಎರಡು ಬಸ್ಸು ಹತ್ತಿ ಹೋಗಿ, ಅಂಗಡಿಯ ಮುಂದೆ ನಿಂತು ಬೈದು ಬಂದಳು. ಮುಂದಿನ ವಾರದಿಂದ ಅವಳು ಬೇಡ ಎಂದ ಗೂಡಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ ತಾನೇ ದೊಡ್ಡದಾಗಿ ಅಡ್ಡಗೆರೆ ಎಳೆಯತೊಡಗಿದಳು. ಇಲ್ಯಾಸ್ ಅಡ್ಡಗೆರೆ ಬಿದ್ದ ಗೂಡನ್ನು ಬಿಚ್ಚಿ ಸರಿಮಾಡಿ ಮತ್ತೆ ಅವಳನ್ನೇ ಕರೆಯುತ್ತಿದ್ದರು.

ಅಟ್ಟೂರಿನ ಹಳೆಯ ಊರಿನ ಭಾಗದಲ್ಲಿ ನಮ್ಮಪ್ಪ ಬಿಟ್ಟುಹೋದ ಒಂದು ಅರ್ಧ ಸೈಟು, ಎರಡು ಕೋಣೆಯ ಶೀಟಿನ ಮನೆ ಅವಳದಾಗಿತ್ತು. ಸುತ್ತ ಬಡಾವಣೆಗಳ ಮೂರಂತಸ್ತಿನ ಮನೆಗಳು ಎದ್ದಿದ್ದವು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಯಾಕೆ ಬಂದೆ ಎಂದು ಊರೆಲ್ಲ ಕೇಳಿತು. ಅವ್ವನಿಗೆ ಅವಳು ಹೇಳಿದ್ದು ಇಷ್ಟೇ: "ಅಲ್ಲಿ ಕಾಲು ಚಾಚಕ್ಕೆ ಜಾಗ ಇರ್ಲಿಲ್ಲ ಕಣವ್ವ." ನಾಟಿ ಕೋಳಿ ಸಾಕಿ, ಬಡಾವಣೆಯ ಮನೆಗಳಿಗೆ ಮೊಟ್ಟೆ ಕೊಟ್ಟು, ಯಾರ ಮುಂದೆಯೂ ಕೈಚಾಚದೆ ಬದುಕಿದಳು. ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದವಳೂ ಅವಳೇ. ನಾನು ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಬ್ಯಾಟರಾಯನಪುರದಲ್ಲಿ ಒಂದು ಮನೆ ಕಟ್ಟಿಕೊಂಡಿದ್ದರೆ ಅದು ಆ ಮೊಟ್ಟೆಗಳಿಂದ.

ಅವಳು ಸತ್ತಾಗ ಬಂದವರಲ್ಲಿ ಹಲವರು "ಪಾಪ, ಕೋಳಿ ಜೊತೆಗೇ ಜೀವನ ಕಳೆದುಬಿಟ್ಟಳು" ಎಂದರು. ನನಗೆ ಆ ಪಾಪ ಬೇಡ. ಅವಳು ಕಳೆದದ್ದಲ್ಲ, ಬದುಕಿದ್ದು. ಇದನ್ನು ಬರೆಯುತ್ತಿರುವುದು ಅದಕ್ಕೇ.

ಗೂಡಿನ ವಿಷಯದಲ್ಲಿ ಅವಳು ಹೀಗಾದದ್ದಕ್ಕೆ ಒಂದು ಕಾರಣವಿತ್ತು. ಮೊದಲೆಲ್ಲ ಅವಳ ಕೋಳಿಗಳು ಮಣ್ಣಿನ ಗೋಡೆಗೆ ಒರಗಿಸಿದ ಹಳೆಯ ಗೂಡಿನಲ್ಲಿ ಮಲಗುತ್ತಿದ್ದವು. ಮೋರಿ ಅಗಲ ಮಾಡುವಾಗ ಆ ಗೋಡೆ ಹೋಯಿತು. ಆಗ ಅವಳು ಜೀವನದಲ್ಲಿ ಮೊದಲ ಸಲ ಒಂದು ರೆಡಿಮೇಡ್ ಗೂಡು ಕೊಂಡಳು. ಗಾಡಿಯಲ್ಲಿ ಹೇರಿಕೊಂಡು ಬೀದಿಯಲ್ಲಿ ಮಾರಲು ಬಂದಿದ್ದ ಹಸಿರು ಬಣ್ಣದ ಗೂಡು. ತಗಡಿನ ಚಾವಣಿ, ಚಂದದ ಚಿಲಕ. ನೋಡಲು ಪುಟ್ಟ ಮನೆಯ ಹಾಗಿತ್ತು. ಏಪ್ರಿಲ್ ತಿಂಗಳಲ್ಲಿ ಒಂದು ದಿನ ನಾಯಿಗಳ ಕಾಟವೆಂದು ಕೋಳಿಗಳನ್ನು ಒಳಗೆ ಕೂಡಿ, ಚಿಲಕ ಹಾಕಿ, ಯಲಹಂಕದ ಸಂತೆಗೆ ಹೋದಳು. ಮಧ್ಯಾಹ್ನ ಬಂದು ಬಾಗಿಲು ತೆಗೆದರೆ ಐದು ಕೋಳಿ ಕೊಕ್ಕು ತೆರೆದುಕೊಂಡೇ ಸತ್ತಿದ್ದವು. ಕಾವಿಗೆ ಕೂತಿದ್ದ ಹೇಂಟೆ ಮೊಟ್ಟೆಗಳ ಮೇಲಿಂದ ಎದ್ದಿರಲೂ ಇಲ್ಲ. ಗೂಡಿಗೆ ಕಿಟಕಿಯಿತ್ತು. ಆದರೆ ಅದು ಕೆಳಗಿತ್ತು. ಬಿಸಿಗಾಳಿ ಹೊರಗೆ ಹೋಗಲು ಮೇಲೆ ಒಂದು ಬೆರಳಷ್ಟೂ ಸಂದಿಯಿರಲಿಲ್ಲ.

ನಾನು ಸುದ್ದಿ ಕೇಳಿ ಹೋದಾಗ ಅವಳು ಆ ಖಾಲಿ ಗೂಡಿನೊಳಗೆ ತಲೆ ಹಾಕಿಕೊಂಡು ಬಿಸಿಲಿನಲ್ಲಿ ಮಂಡಿಯೂರಿದ್ದಳು. ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಹೊರಬಂದಾಗ ಮುಖ ಕೆಂಪಾಗಿ ಬೆವರು ಸುರಿಯುತ್ತಿತ್ತು.

"ಗಾಡಿಯವನ್ನ ಹಿಡೀಬೇಕು" ಎಂದೆ.

"ಅವನ್ದೇನ್ಲಾ ತಪ್ಪು? ಅವ್ನು ತಗಡು ಮಾರ್ದ. ನಾನು ಬಣ್ಣ ನೋಡಿ ತಗಂಡೆ. ಇದ್ರೊಳಗೆ ಇರಾದು ನಾನಲ್ವಲ್ಲ ಅಂತ ತಗಂಡೆ." ಮುಖ ಒರೆಸಿಕೊಂಡಳು. "ಇನ್ಮ್ಯಾಕೆ ನನ್ನ ತಲೆ ಇಡಿಸ್ದೆ ಇರೋ ಗೂಡಿಗೆ ನನ್ನ ಕೋಳಿ ಓಗಕಿಲ್ಲ."

ಅವಳು ಅಳುವ ಹೆಂಗಸಲ್ಲ. ಮಾರನೆಯ ದಿನ ಆ ಹಸಿರು ಗೂಡನ್ನು ಕೊಡಲಿಯಿಂದ ತಾನೇ ಒಡೆದಳು.

ಅಲ್ಲಿಂದ ಮುಂದೆ ಅವಳು ಗೂಡನ್ನು ಅಳೆದದ್ದು ತನ್ನ ಮೈಯಿಂದ. ಕಿರುಬೆರಳು ಜಾಲರಿಯಲ್ಲಿ ತೂರಿದರೆ ಹೆಗ್ಗಣದ ಕಾಲೂ ತೂರುತ್ತದೆ, ಬೇಡ. ತೋಳು ಚಾಚಿದರೆ ಹಿಂದಿನ ಮೂಲೆ ಮುಟ್ಟಬೇಕು. ಮುಟ್ಟದಿದ್ದರೆ ಆ ಮೂಲೆ ಎಂದೂ ಗುಡಿಸುವುದಿಲ್ಲ, ಕಾಯಿಲೆ ಬಿದ್ದ ಕೋಳಿ ಅಲ್ಲೇ ಹೋಗಿ ಕೂರುತ್ತದೆ. ಕೋಳಿ ರಾತ್ರಿ ಕೂರುವ ಅಡ್ಡಕೋಲು ಮೊಟ್ಟೆಯ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಇಲ್ಲವೆಂದರೆ ಅವು ಪೆಟ್ಟಿಗೆಯಲ್ಲೇ ಮಲಗಿ ಹೊಲಸು ಮಾಡುತ್ತವೆ. ತಗಡಿನ ಕೆಳಗೆ ಪ್ಲೈವುಡ್ ಇರಬೇಕು. ಒಳಗೆ ತಲೆ ಹಾಕಿ ಇಪ್ಪತ್ತು ಸಲ ಉಸಿರಾಡಿದರೂ ಉಸಿರು ಕಟ್ಟಬಾರದು. ಕೋಳಿ ಇದ್ದ ಗೂಡಾದರೆ ಕಣ್ಣು ಉರಿಯಬಾರದು. ಎಷ್ಟು ಕೋಳಿಗೆ ಎನ್ನುವುದನ್ನು ಅವಳು ನೆಲ ನೋಡಿ ಹೇಳುತ್ತಿರಲಿಲ್ಲ, ಕೋಲು ನೋಡಿ ಹೇಳುತ್ತಿದ್ದಳು. ಒಂದು ಕೋಳಿಗೆ ಒಂದು ಗೇಣು.

ಒಮ್ಮೆ ಇಲ್ಯಾಸ್ ಒಂದು ಗೂಡಿನ ಮೇಲೆ "ಹತ್ತು ಕೋಳಿಗೆ" ಎಂದು ಬಣ್ಣದಲ್ಲಿ ಬರೆಸಿದ್ದರು. ಅಕ್ಕ ಕೋಲಿನ ಮೇಲೆ ಗೇಣು ಹಾಕಿದಳು. ಐದೂವರೆ ಬಂತು.

"ಇಲ್ಯಾಸು, ಹತ್ತು ಇಡಿಸ್ತದೆ ಕಣಪ್ಪ."

"ನಾನ್ ಹೇಳ್ಲಿಲ್ವಾ ಅಕ್ಕಾ!"

"ಪುಕ್ಕ ಕಿತ್ತು ಇಟ್ರೆ ಇಡಿಸ್ತದೆ."

ಪಕ್ಕದ ಟೀ ಅಂಗಡಿಯವರೆಲ್ಲ ನಕ್ಕರು. ಇಲ್ಯಾಸ್ ಕೂಡ ನಕ್ಕು, ಪೇಂಟರನ್ನು ಕರೆದು ಹತ್ತನ್ನು ಅಳಿಸಿ ಐದು ಬರೆಸಿದರು.

ನಾನು ಸ್ಟೋರಿನವನು. ಜೇಬಿನಲ್ಲಿ ಯಾವಾಗಲೂ ಟೇಪು ಇರುತ್ತಿತ್ತು. "ಇಂಚಿನ ಲೆಕ್ಕ ಹೇಳಿದರೆ ಜನ ನಂಬುತ್ತಾರೆ ಅಕ್ಕ" ಎಂದು ಒಂದು ಸಲ ಹೇಳಿದ್ದೆ. ಅವಳು ಟೇಪನ್ನು ಎಳೆದು, ಬಿಟ್ಟು, ಅದು ಸರ್ರನೆ ಒಳಗೆ ಹೋಗುವುದನ್ನು ನೋಡಿ ನನ್ನ ಕೈಗೇ ಕೊಟ್ಟಳು. "ಇದಕ್ಕೇನ್ ಗೊತ್ತು? ಇದು ಉಸ್ರಾಡ್ತದಾ?"

ಹೋದ ವರ್ಷ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಕಾಲು ಊದಿತು. ಹೆಬ್ಬಾಳದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೃದಯ ದೊಡ್ಡದಾಗಿದೆ, ಬಗ್ಗಬಾರದು, ಭಾರ ಎತ್ತಬಾರದು, ಒಬ್ಬರೇ ಇರಬಾರದು ಎಂದು ಹೇಳಿ ಮೂರು ದಿನಕ್ಕೆ ಸೇರಿಸಿಕೊಂಡರು. ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದು ಇನ್ನೂ ಒಂದು ಮಾತು ಹೇಳಿದರು. ಹೊರಗೆ ಬಂದಾಗ ಅಕ್ಕ ನನ್ನ ಮುಖ ನೋಡಿದಳು.

"ಏನಂತೆ?"

"ಹೃದಯ ದೊಡ್ಡದಾಗಿದೆಯಂತೆ."

"ಅಂಗಾರೆ ಒಳಗೆ ಜಾಗ ಸಾಲ್ತಿಲ್ಲ ಅನ್ನು." ಆಮೇಲೆ ಕೇಳಿದಳು. "ನನ್ ಕೋಳಿ ಎಲ್ಲಿರ್ತವೆ ಕಿಟ್ಟ?"

ಅವಳಿಗಿದ್ದ ಚಿಂತೆ ಅದೊಂದೇ. ಏಳು ಹೇಂಟೆ, ಒಂದು ಹುಂಜ. ನಮ್ಮ ಮನೆಯ ಟೆರೇಸಿನ ಮೇಲೆ ಇರುತ್ತವೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಅವಳ ಗೂಡು ಕಬ್ಬಿಣದ್ದು, ನೆಲಕ್ಕೆ ಕಾಂಕ್ರೀಟು ಹಾಕಿ ನಿಲ್ಲಿಸಿದ್ದು. ಕಿತ್ತು ತರುವ ಹಾಗಿರಲಿಲ್ಲ. ಹೊಸ ಗೂಡು ಬೇಕಿತ್ತು. ಅವಳಿಗೆ ಬೇಗ ಸಮಾಧಾನವಾಗಲಿ ಎಂದು ಮಾರನೆಯ ದಿನವೇ ಇಲ್ಯಾಸ್ ಅಂಗಡಿಗೆ ಹೋದೆ. ಟೇಪು ಹಿಡಿದು ಅಳೆದೆ. ಆರು ಅಡಿ ಉದ್ದ. ಎಂಟು ಕೋಳಿ, ಎಂಟು ಗೇಣು, ಆರು ಅಡಿ. ಲೆಕ್ಕ ಸರಿಯಾಗಿತ್ತು.

"ಅಕ್ಕ ನೋಡಿದ್ದಾರಾ?" ಇಲ್ಯಾಸ್ ಕೇಳಿದರು.

"ನೋಡಿದ್ದಾಳೆ" ಎಂದೆ. ಆ ಅಂಗಡಿಯಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಅವರು ಒಳಗೆ ಟಾರ್ಚ್ ಹಾಕಿ ನೋಡಿದರು. ಕಲೆ ಇರಲಿಲ್ಲ. ಟೆಂಪೋಗೆ ಹೇರಿಸಿದರು.

ಎರಡು ದಿನದ ಮೇಲೆ ಅಕ್ಕನನ್ನು ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೆ ಕರೆತಂದೆ. ಗೂಡು ಇನ್ನೂ ಗೇಟಿನ ಒಳಗೆ ನಿಂತಿತ್ತು. ಆಟೋ ಇಳಿದವಳು ಮನೆಯೊಳಗೆ ಹೋಗಲಿಲ್ಲ. ಗೂಡಿನ ಮುಂದೆ ನಿಂತು, ಬಾಗಿಲು ತೆಗೆದು, ಬಗ್ಗದೆಯೇ ಕೈ ಒಳಗೆ ಹಾಕಿ ಕೋಲಿನ ಮೇಲೆ ಗೇಣು ಹಾಕಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಕೈ ಮರಕ್ಕೆ ತಗುಲಿತು. ಮೊಟ್ಟೆಯ ಪೆಟ್ಟಿಗೆ ಒಳಗಿನಿಂದಲೇ ಮೂರು ಗೇಣು ನುಂಗಿಹಾಕಿತ್ತು. ನಾನು ಹೊರಗಿನಿಂದ ಅಳೆದಿದ್ದೆ.

"ನೀನು ನೋಡ್ದ್ಯಾ?"

"ಅಳೆದೆ ಅಕ್ಕ."

"ಅಳ್ದೆ." ಅವಳು ನನ್ನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಅದರಲ್ಲಿ ಸಿಟ್ಟಿರಲಿಲ್ಲ. ಆ ಹಸಿರು ಗೂಡನ್ನು ನೋಡಿದಂತೆಯೇ ನನ್ನನ್ನೂ ನೋಡಿದಳು. "ಮೂರು ಕೋಳಿ ಎಲ್ಲಿ ಕೂರ್ತವೆ? ನಿನ್ನ ತಲೆ ಮ್ಯಾಲಾ?" ಆಟೋದವನು ಇನ್ನೂ ಹೊರಟಿರಲಿಲ್ಲ. "ಓಗಪ್ಪಾ, ಗೊರಗುಂಟೆಪಾಳ್ಯಕ್ಕೆ ಓಗು."

ನನ್ನ ಹೆಂಡತಿ ಬಾಗಿಲಿಗೆ ಬಂದು, "ಅತ್ತಿಗೆ, ಒಂದು ಲೋಟ ನೀರಾದ್ರೂ ಕುಡೀರಿ" ಎನ್ನುವಷ್ಟರಲ್ಲಿ ಅವಳು ಮತ್ತೆ ಆಟೋದೊಳಗೆ ಕೂತಾಗಿತ್ತು. ನಾನೂ ಹತ್ತಿದೆ.

ಇಲ್ಯಾಸ್ ಅವಳನ್ನು ನೋಡಿ ಸ್ಟೂಲು ತಂದು ಹಾಕಿದರು. ಅವಳು ಅಂಗಡಿಯ ಮುಂದೆ ಕೂತಳು. ಮಾತಿಗೊಂದು ಸಲ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು.

"ನಿಂಗೆ ಗೊತ್ತಿತ್ತಲ್ಲ, ಇಲ್ಯಾಸು. ಕಲೆ ಇರ್ಲಿಲ್ಲ."

"ನಿಮ್ಮ ತಮ್ಮ ಹೇಳಿದ್ರು ಅಕ್ಕಾ. ತಮ್ಮನ ಮಾತು ಹೆಂಗೆ ಸುಳ್ಳು ಅನ್ಲಿ?"

"ಅವ್ನಿನ್ನೂ ಮಗು, ಅವ್ನಿಗೆ ಬುದ್ಧಿ ಇಲ್ಲ. ನಿಂಗೇನಾಗಿತ್ತು?" ನನಗೆ ಆಗ ಐವತ್ತಮೂರು ವರ್ಷ. "ಪೆಟ್ಟಿಗೆ ಒಳಗಡೆ ಬ್ಯಾಡ. ಗೋಡೆ ಕುಯ್ದು ಒರಗಡೆ ನೇತಾಕು. ಕೋಲು ಈ ಕಡೆಯಿಂದ ಆ ಕಡೆವರ್ಗೂ ಬರ್ಲಿ. ನಾನು ಇಲ್ಲೇ ಕೂತಿರ್ತೀನಿ."

ಮೂರು ಗಂಟೆ ಕೂತಳು. ಇಲ್ಯಾಸ್ ಬೇರೆ ಕೆಲಸ ಬಿಟ್ಟು ಒಂದು ಹೊಸ ಗೂಡಿನ ಪಕ್ಕ ಕುಯ್ದು, ಪೆಟ್ಟಿಗೆಯನ್ನು ಹೊರಗೆ ಕೂರಿಸಿ, ಉದ್ದದ ಮರದ ಕೋಲು ಹಾಕಿಸಿದರು. ನಡುವೆ ಎರಡು ಸಲ ಅವಳಿಗೆ ಟೀ ತರಿಸಿದರು. ಎಲ್ಲ ಮುಗಿದ ಮೇಲೆ ಅವಳು ಚಪ್ಪಲಿ ಬಿಟ್ಟಳು. ನಾನು ತೋಳು ಹಿಡಿದೆ.

"ಬೇಡ ಅಕ್ಕ. ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದಾರೆ."

"ಡಾಕ್ಟ್ರು ಕೋಳಿ ಸಾಕವ್ರಾ?"

"ನಾನೇ ನೋಡ್ತೀನಿ, ನೀನು ಕೂತ್ಕೋ."

"ನೀನು ಬಾಗಿಲು ಇಡ್ಕೊ, ಅಷ್ಟ್ ಸಾಕು."

ಮಂಡಿಯೂರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಒಂದು ಕೈ ನನ್ನ ಹೆಗಲ ಮೇಲಿತ್ತು, ಇನ್ನೊಂದು ಇಲ್ಯಾಸ್ ಹಿಡಿದಿದ್ದರು. ತಲೆ ಒಳಗೆ ಹೋಯಿತು. ನಾನು ಬಾಗಿಲು ಒತ್ತಿ ಹಿಡಿದೆ. ಈ ಸಲ ರಸ್ತೆಯ ಕಡೆ ನೋಡಲಿಲ್ಲ, ಅವಳ ಬೆನ್ನು ಏರಿಳಿಯುವುದನ್ನೇ ನೋಡುತ್ತಿದ್ದೆ. ಒಳಗೆ ಅವಳು ಉಸಿರು ಎಣಿಸುತ್ತಿದ್ದದ್ದು ಕೇಳಿಸುತ್ತಿತ್ತು. ಇಪ್ಪತ್ತನ್ನು ಮುಟ್ಟುವವರೆಗೂ ಬಿಡಲಿಲ್ಲ. ಹೊರಗೆ ಬಂದು, ಇಲ್ಯಾಸ್ ಕೊಟ್ಟ ನೀರು ಕುಡಿದು, ಹೇಳಿದಳು.

"ಇಡಿಸ್ತದೆ."

ಅದಾದ ಹತ್ತೇ ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಗೂಡೂ ಕೋಳಿಗಳೂ ಆಗಲೇ ನಮ್ಮ ಟೆರೇಸಿಗೆ ಬಂದಿದ್ದವು; ಮೊದಲಿನ ಗೂಡನ್ನು ಇಲ್ಯಾಸ್ ವಾಪಸು ತೆಗೆದುಕೊಂಡಿದ್ದರು. ಹಿಂದಿನ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಎಂಟೂ ಕೋಲಿನ ಮ್ಯಾಲೇ ಕೂತವಾ?" ಕೂತಿವೆ ಎಂದೆ. ಅದು ನಿಜವಾಗಿತ್ತು.

ತಿಥಿಯ ದಿನ ಎಡೆ ಇಡುವ ಮಾತು ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ, ಅಕ್ಕನಿಗೆ ಕೋಳಿಸಾರು ಇಷ್ಟವೇ. ನಮ್ಮ ಚಿಕ್ಕಪ್ಪ ಟೆರೇಸಿನ ಕಡೆ ಕೈ ತೋರಿಸಿ, "ಅವಳ ಕೋಳೀನೇ ಅವೆಯಲ್ಲೋ, ಕುಯ್ದು ಇಟ್ರೆ ಅವಳ ಆತ್ಮಕ್ಕೂ ಸಂತೋಷ. ನೀನಂತೂ ಸಾಕೋ ಆಸಾಮಿಯಲ್ಲ" ಎಂದರು. ಚಿಕ್ಕಪ್ಪನ ಮಾತಿಗೆ ನಾನು ಎದುರಾಡಿದವನಲ್ಲ. ಅಂದು ಆಡಿದೆ.

"ಆ ಕೋಳಿ ಮುಟ್ಟಂಗಿಲ್ಲ ಚಿಕ್ಕಪ್ಪ."

"ಯಾಕ್ಲಾ?"

"ಅವಕ್ಕೆ ಅವಳು ಜಾಗ ನೋಡಿ ಹೋಗಿದ್ದಾಳೆ."

ಅಂಗಡಿಯಿಂದ ಕೋಳಿ ತಂದು ಎಡೆ ಇಟ್ಟೆವು. ಚಿಕ್ಕಪ್ಪ ಉಣ್ಣದೆ ಎದ್ದು ಹೋದರು. ಹೋಗಲಿ.

ಆಮೇಲೆ ಬಂದವರು ನಮ್ಮ ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಮೊದಲು ಒಂದು ಪತ್ರ ಕಳಿಸಿದ್ದರು. ಹುಂಜ ಕೂಗುತ್ತದೆ, ವಾಸನೆ ಬರುತ್ತದೆ, ಗೂಡು ತೆಗೆಯಬೇಕು. ಹುಂಜದ ಮಾತು ನಿಜ. ಅಟ್ಟೂರಿನಲ್ಲಿ ಅಕ್ಕನ ಬಳಿ ಮೊಟ್ಟೆ ಕೊಳ್ಳುತ್ತಿದ್ದ ಒಬ್ಬರಿಗೆ ಅದನ್ನು ಕೊಟ್ಟು ಬಂದೆ. ಬೆಳಗ್ಗೆ ಎದ್ದಾಗ ಆ ಕೂಗಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು, ಆದರೆ ಪಕ್ಕದ ಮನೆಯಲ್ಲಿ ಕೈಗೂಸಿದೆ. ವಾಸನೆಯ ಮಾತು ನಿಜವಲ್ಲ. ಕೋಳಿಗಳನ್ನು ಕಳಿಸುವುದಿಲ್ಲ ಎಂದು ಉತ್ತರ ಬರೆದೆ. ಒಂದು ಭಾನುವಾರ ಅವರೇ ಬಂದರು. ಬಿಳಿ ಅಂಗಿ, ಕೈಯಲ್ಲಿ ನನ್ನ ಉತ್ತರ.

"ಕೃಷ್ಣಪ್ಪನವರೇ, ನಿಮ್ಮ ದುಃಖ ನಮಗೂ ಅರ್ಥ ಆಗುತ್ತೆ. ಆದ್ರೆ ರೂಲ್ಸ್ ಅಂತ ಒಂದಿರುತ್ತಲ್ಲ. ಕಂಪ್ಲೇಂಟ್ ಬಂದಿದೆ."

"ಯಾರಿಗೆ ವಾಸನೆ ಬಂತು ಸಾರ್?"

"ಹೆಸರೆಲ್ಲ ಯಾಕೆ? ಕೋಳಿ ಅಂದ್ಮೇಲೆ ವಾಸನೆ ಇರಲ್ವೇನ್ರೀ?"

"ಮೇಲೆ ಬನ್ನಿ, ನೋಡಿ."

ಟೆರೇಸಿನಲ್ಲಿ ಏಳು ಹೇಂಟೆಗಳೂ ಜಾಲರಿಯ ಒಳಗೆ ಬಿಸಿಲು ಕಾಯುತ್ತಿದ್ದವು. ನಾನು ಗೂಡಿನ ಬಾಗಿಲು ತೆಗೆದೆ.

"ತಲೆ ಒಳಗೆ ಹಾಕಿ ಸಾರ್."

"ಏನ್ರೀ?"

"ತಲೆ ಹಾಕಿ ಇಪ್ಪತ್ತು ಸಲ ಉಸಿರಾಡಿ. ಕಣ್ಣು ಉರಿದ್ರೆ ಇವತ್ತೇ ನಾನೇ ತೆಗೆಸ್ತೀನಿ."

ಅವರು ತಮ್ಮ ಬಿಳಿ ಅಂಗಿ ನೋಡಿಕೊಂಡರು. "ತಮಾಷೆ ಮಾಡ್ತಿದೀರಾ? ಬೇಕಾದ್ರೆ ನೀವೇ ಹಾಕಿ."

ಅಷ್ಟು ವರ್ಷ ಬಾಗಿಲು ಹಿಡಿದವನು ನಾನು. ಒಂದು ಸಲವೂ ಒಳಗೆ ತಲೆ ಹಾಕಿದವನಲ್ಲ. ದಿನಾ ಗುಡಿಸುತ್ತಿದ್ದದ್ದೂ ಹೊರಗಿನಿಂದ ಕೈ ಚಾಚಿಯೇ. ಚಪ್ಪಲಿ ಬಿಟ್ಟೆ. ಮಂಡಿಯೂರಿದೆ.

ಒಳಗೆ ಒಣಹುಲ್ಲು, ಮರದ ಕೋಲು. ಚಾವಣಿಯ ಕೆಳಗಿನ ಸಂದಿಯಿಂದ ಬೆಳಕು ಒಂದು ಪಟ್ಟಿಯಾಗಿ ಬರುತ್ತಿತ್ತು. ಗಾಳಿ ಕಿವಿಗೆ ತಾಗುತ್ತಿತ್ತು. ಕಣ್ಣು ಉರಿಯಲಿಲ್ಲ. ಉಸಿರು ಎಣಿಸುತ್ತಾ ತಲೆ ಎತ್ತಿದೆ. ಮೂಗಿಗೆ ಒಂದು ಗೇಣು ದೂರದಲ್ಲಿ, ಪ್ಲೈವುಡ್ಡಿನ ಮೇಲೆ, ರೊಟ್ಟಿಯಗಲದ ಕಲೆ.

ಹನ್ನೊಂದು, ಹನ್ನೆರಡು ಎಂದು ಎಣಿಸುತ್ತಿದ್ದೆ. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ.

"ಏನ್ ಕೃಷ್ಣಪ್ಪನವರೇ," ಹೊರಗಿನಿಂದ ಕಾರ್ಯದರ್ಶಿಗಳ ಧ್ವನಿ. "ಬಂತಾ ವಾಸನೆ?"

"ಬಂತು ಸಾರ್. ಹರಳೆಣ್ಣೇದು."

ಹೊರಗೆ ನನ್ನ ಉತ್ತರದ ಕಾಗದ ಮಡಚುವ ಸದ್ದು ಕೇಳಿಸಿತು.

"ಗೂಡು ಇಲ್ಲೇ ಇರುತ್ತೆ ಸಾರ್," ಎಂದೆ ಒಳಗಿನಿಂದಲೇ. "ಈಗ ಒಂಚೂರು ಬಾಗಿಲು ಒತ್ತಿ ಹಿಡ್ಕೊಳ್ಳಿ. ಬೆಳಕು ಎಲ್ಲೆಲ್ಲಿಂದ ಬರುತ್ತೆ ನೋಡ್ಬೇಕು."

ಸ್ವಲ್ಪ ತಡವಾಯಿತು. ಆಮೇಲೆ ಬಾಗಿಲು ನನ್ನ ಸೊಂಟಕ್ಕೆ ಬಂದು ಒತ್ತಿತು.